ಗಣಿ ಮುಚ್ಚಿತು, ರೈಲು ಉಳೀತು: ಮಾರಿಕುಪ್ಪಂ ಜನರ ಸೀಟು ಇನ್ನೆಷ್ಟು ದಿನ?

ಕೆಜಿಎಫ್: ಮಾರಿಕುಪ್ಪಂನಲ್ಲಿ ಬೆಳಗಾಗೋದು ಸೂರ್ಯ ಹುಟ್ಟೋದಕ್ಕೂ ಮೊದಲು. ಇನ್ನೂ ಕತ್ತಲಿರುವಾಗಲೇ ಲೈನ್ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತೆ. ಹೆಗಲಿಗೆ ಬ್ಯಾಗು, ಬ್ಯಾಗಿನೊಳಗೆ ಟಿಫನ್ ಡಬ್ಬಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ತಲೆಗೆ ಸ್ಕಾರ್ಫ್ ಸುತ್ತಿಕೊಂಡ ಹೆಂಗಸರು ಗುಂಪಾಗಿ ನಡೆದು ಬರ್ತಾರೆ. ಗಂಡಸರು ಬೈಕು ನಿಲ್ಲಿಸಿ ಓಡೋಡಿ ಬರ್ತಾರೆ. ರೈಲು ಇಲ್ಲಿಂದಲೇ ಹೊರಡೋದರಿಂದ ಬೋಗಿ ಖಾಲಿ ಇರುತ್ತೆ, ಬಂದವರಿಗೆಲ್ಲ ಸೀಟು ಸಿಗುತ್ತೆ. ಬೆಂಗಳೂರಿಗೆ ದಿನಾ ಹೋಗಿ ಬರೋರಿಗೆ ಈ ಸೀಟೇ ದೊಡ್ಡ ಆಸ್ತಿ.

ಆ ಆಸ್ತಿ ಎಷ್ಟು ದಿನ ಉಳಿಯುತ್ತೆ ಅನ್ನೋದು ಈಗಿನ ಪ್ರಶ್ನೆ. ಅದಕ್ಕೆ ಮೊದಲು ಊರಿನ ಕತೆ ಸ್ವಲ್ಪ ಹೇಳಬೇಕು.

ಮಾರಿಕುಪ್ಪಂ ಅಂದ್ರೆ ಮಾರಿಯ ಕುಪ್ಪಂ, ಅಂದರೆ ಮಾರಿಯಮ್ಮನ ಹಳ್ಳಿ. ಕೆಜಿಎಫ್‌ನ ರೈಲು ಹಳಿ ಬಂದು ಮುಗಿಯೋ ಜಾಗ. ಬಂಗಾರಪೇಟೆಯಲ್ಲಿ ಚೆನ್ನೈ ಮುಖ್ಯ ಮಾರ್ಗದಿಂದ ಕವಲೊಡೆದು ಬರುವ ಹಳಿ ಬೆಮಲ್ ನಗರ, ಕೋರಮಂಡಲ್, ಊರಗಾಂ, ಚಾಂಪಿಯನ್ ದಾಟಿ ಸುಮಾರು 16 ಕಿ.ಮೀ. ದೂರದ ಇಲ್ಲಿಗೆ ಬಂದು ನಿಲ್ಲುತ್ತೆ. ಈ ಹಳಿ ಹಾಕಿದ್ದು ಜನ ಓಡಾಡಲಿ ಅಂತಲ್ಲ. ಬ್ರಿಟಿಷರ ಕಾಲದಲ್ಲಿ, 1890ರ ದಶಕದಲ್ಲಿ, ಗಣಿಗೆ ಬೇಕಾದ ಕಲ್ಲಿದ್ದಲು, ಯಂತ್ರ, ಮರಮುಟ್ಟು ತರೋದಕ್ಕೆ ಹಾಕಿದ್ದು. ಆಗ ಜನ ಹೊರಗಿನಿಂದ ಇಲ್ಲಿಗೆ ಕೆಲಸಕ್ಕೆ ಬರ್ತಿದ್ದರು. ಉತ್ತರ ಆರ್ಕಾಟ್ ಕಡೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು. ಅವರಲ್ಲಿ ಬಹುಪಾಲು ದಲಿತರು. ಭೂಮಿಯಿಲ್ಲದೆ, ಜಾತಿಯ ಹೊಡೆತ ತಿಂದು, ಬರಗಾಲಕ್ಕೆ ಸೋತು ಬಂದವರು. ಇವತ್ತು ಅದೇ ಹಳಿ ಮೇಲೆ ಅವರ ಮೊಮ್ಮಕ್ಕಳು ಉಲ್ಟಾ ದಿಕ್ಕಿಗೆ ಹೋಗ್ತಿದ್ದಾರೆ.

ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರು ನಗರಕ್ಕೂ ಮೊದಲೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳೀತು. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ಮೈಸೂರು ಸರ್ಕಾರ, ಆಮೇಲೆ ಕೇಂದ್ರ ಸರ್ಕಾರ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಅನ್ನೋ ಹೆಸರು. ಇದು ತಾಲ್ಲೂಕಿನ ಹುಡುಗರಿಗೆಲ್ಲ ಬಾಯಿಪಾಠ ಆಗಿರೋ ಚರಿತ್ರೆ, ಹೆಚ್ಚು ಹೇಳೋದು ಬೇಡ. ಮುಖ್ಯ ತಾರೀಖು ಒಂದೇ: 2001ರ ಫೆಬ್ರವರಿ 28. ಅವತ್ತು ಗಣಿ ಮುಚ್ಚಿತು.

ಊರು ಮುಚ್ಚಲಿಲ್ಲ. ಆಗ ಬಹಳ ಜನ ಮುಚ್ಚೇ ಹೋಗುತ್ತೆ ಅಂದುಕೊಂಡಿದ್ದರು, ಪತ್ರಿಕೆಗಳೂ ಹಾಗೇ ಬರೆದವು. ಇವತ್ತಿಗೂ ಹೊರಗಿನಿಂದ ಕ್ಯಾಮೆರಾ ಹಿಡಿದು ಬರೋರು 'ಸತ್ತ ಊರು' ಅಂತಲೇ ತಲೆಬರಹ ಕೊಡ್ತಾರೆ. ತುಕ್ಕು ಹಿಡಿದ ಶಾಫ್ಟಿನ ಫೋಟೋ, ಸೈನೈಡ್ ಗುಡ್ಡದ ಫೋಟೋ, ಪಾಳುಬಿದ್ದ ಬಂಗಲೆಯ ಫೋಟೋ ತೆಗೆದು ಮಧ್ಯಾಹ್ನಕ್ಕೆ ವಾಪಸ್. ಮಧ್ಯಾಹ್ನ ಬಂದ್ರೆ ಊರು ಸತ್ತ ಹಾಗೇ ಕಾಣುತ್ತೆ, ಯಾಕಂದ್ರೆ ದುಡಿಯೋ ವಯಸ್ಸಿನವರು ಯಾರೂ ಊರಲ್ಲಿ ಇರಲ್ಲ. ರಾತ್ರಿ ರೈಲು ಬರೋ ಹೊತ್ತಿಗೆ ಚಾಂಪಿಯನ್ ಸ್ಟೇಷನ್ ಹೊರಗೆ ನಿಂತು ನೋಡಿದ್ರೆ ಬೇರೆಯದೇ ಊರು ಕಾಣುತ್ತೆ.

ಒಂದು ಪಾಸು, ಒಂದು ಸಂಸಾರ

ಗಣಿ ಮುಚ್ಚಿದಾಗ ಕಾರ್ಮಿಕರಿಗೆ ಪರಿಹಾರದ ಪ್ಯಾಕೇಜು ಸಿಕ್ಕಿತು. ಆ ದುಡ್ಡು ಮಗಳ ಮದುವೆಗೆ, ಹಳೇ ಸಾಲಕ್ಕೆ, ಆಸ್ಪತ್ರೆಗೆ ಹೋಯಿತು. ಉಳಿದ ದಾರಿ ಎರಡು. ಊರು ಬಿಡೋದು, ಇಲ್ಲಾಂದ್ರೆ ಊರಲ್ಲೇ ಇದ್ದು ಬೇರೆ ಕಡೆ ದುಡಿಯೋದು. ಬೆಂಗಳೂರಲ್ಲಿ ಬಾಡಿಗೆ, ಅಡ್ವಾನ್ಸು ಕೊಡೋ ಶಕ್ತಿ ಇಲ್ಲದವರು ಎರಡನೇ ದಾರಿ ಹಿಡಿದರು. ಅದು ಸಾಧ್ಯ ಆಗಿದ್ದು ರೈಲ್ವೆಯ ತಿಂಗಳ ಪಾಸಿನಿಂದ.

ಲೆಕ್ಕ ಸರಳ. ಮಾರಿಕುಪ್ಪಂನಿಂದ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಸುಮಾರು 85 ಕಿ.ಮೀ. ಇಷ್ಟು ದೂರಕ್ಕೆ ಬಸ್ಸಿನಲ್ಲಿ ಕೆಲವೇ ದಿನ ಹೋಗಿ ಬರೋ ದುಡ್ಡಿಗೆ ರೈಲಿನಲ್ಲಿ ಇಡೀ ತಿಂಗಳು ಓಡಾಡಬಹುದು. ಮೂರು ತಿಂಗಳ ಪಾಸು ಒಟ್ಟಿಗೆ ತಗೊಂಡ್ರೆ ಎರಡು ತಿಂಗಳು ಚಿಲ್ಲರೆ ದಿನದ ದುಡ್ಡಷ್ಟೇ, ಅಂದರೆ ತಿಂಗಳ ದರದ 2.7 ಪಟ್ಟು. 2025ರ ಜುಲೈ 1ರಿಂದ ರೈಲ್ವೆ ಟಿಕೆಟ್ ದರ ಏರಿಸಿದಾಗಲೂ ಸೀಸನ್ ಟಿಕೆಟ್ಟನ್ನು ಮುಟ್ಟಲಿಲ್ಲ. ಅದೇ ವರ್ಷ ಜನವರಿ 5ರಿಂದ ರಾಜ್ಯದ ಬಸ್ ದರ ಶೇ 15ರಷ್ಟು ಏರಿತ್ತು. ಎರಡರ ನಡುವಿನ ಅಂತರ ಇನ್ನೂ ದೊಡ್ಡದಾಯಿತು.

ಆಫೀಸುಗಳಲ್ಲಿ ಕಸ ಗುಡಿಸೋರು, ಅಪಾರ್ಟ್‌ಮೆಂಟ್ ಗೇಟು ಕಾಯೋರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯೋರು, ಆಸ್ಪತ್ರೆ ಆಯಾಗಳು, ನರ್ಸುಗಳು, ಬಟ್ಟೆ ಅಂಗಡಿ ಸೇಲ್ಸ್ ಹುಡುಗಿಯರು, ಕಾಲ್ ಸೆಂಟರ್ ಹುಡುಗರು, ಫಿಟ್ಟರು, ವೆಲ್ಡರು, ಪೇಂಟರು, ಜೊತೆಗೆ ಈಚೆಗೆ ಲ್ಯಾಪ್‌ಟಾಪ್ ಬ್ಯಾಗಿನವರು. ಎಲ್ಲರೂ ಇದೇ ಬೋಗಿಗಳಲ್ಲಿ. ಗಣಿ ಕಾಲದ ಕೈಕಸುಬು ಪೂರ್ತಿ ಹೋಗಿಲ್ಲ. ಅಪ್ಪನಿಂದ ಫಿಟ್ಟಿಂಗ್, ವೈಂಡಿಂಗ್ ಕಲಿತವರು ವೈಟ್‌ಫೀಲ್ಡ್, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಅದರಿಂದಲೇ ಅನ್ನ ತಿಂತಿದ್ದಾರೆ.

ಬೋಗಿಯೊಳಗೆ ಒಂದು ಊರೇ ಇದೆ. ಕರ್ಚೀಫು ಹಾಕಿ ಸೀಟು ಹಿಡಿಯೋದು, ಯಾವ ಬೋಗಿಯ ಯಾವ ಮೂಲೆ ಯಾವ ಗುಂಪಿನದು ಅನ್ನೋ ಬರೆಯದ ಕಾನೂನು, ಇಸ್ಪೀಟು, ಹೂ ಕಟ್ಟೋದು, ಸೊಪ್ಪು ಬಿಡಿಸೋದು, ಹುಟ್ಟುಹಬ್ಬಕ್ಕೆ ಕೇಕು. ಚೀಟಿ ವ್ಯವಹಾರವೂ ಇಲ್ಲೇ. ಮನೆಯಲ್ಲಿ ತಮಿಳು, ಅಕ್ಕಪಕ್ಕದಲ್ಲಿ ತೆಲುಗು, ಮಾಲೂರು ದಾಟಿದ ಮೇಲೆ ಕನ್ನಡ. ಕೆಜಿಎಫ್‌ನ ಎಷ್ಟೋ ಜನ ಕನ್ನಡ ಮಾತಾಡೋದು ಕಲಿತಿದ್ದು ಶಾಲೆಗಿಂತ ಹೆಚ್ಚಾಗಿ ಈ ರೈಲಿನಲ್ಲಿ. ಭಾಷೆ ವಿಚಾರಕ್ಕೆ ಈ ಊರನ್ನು ದೂರೋರು ಒಂದು ದಿನ ಪಾಸು ತಗೊಂಡು ಹತ್ತಿ ನೋಡಬೇಕು.

ಆದರೆ ಈ ಚಿತ್ರವನ್ನು ತುಂಬಾ ಚಂದ ಮಾಡಿ ಹೇಳೋದೂ ತಪ್ಪೇ. ಒಂದು ಕಡೆಗೆ ಎರಡೂವರೆ ಗಂಟೆ ಅಂತ ಹಿಡಿದರೂ ದಿನಕ್ಕೆ ಐದು ಗಂಟೆ ರೈಲಲ್ಲೇ. ತಿಂಗಳಿಗೆ 25 ದಿನ ಕೆಲಸ ಅಂದ್ರೆ 125 ಗಂಟೆ. ಅಂದರೆ ಪ್ರತಿ ತಿಂಗಳು ಐದು ಹಗಲು, ಐದು ರಾತ್ರಿ ಒಬ್ಬ ಮನುಷ್ಯ ರೈಲಿನೊಳಗೆ ಕಳೀತಾನೆ. ಇದರ ಮೇಲೆ ಮನೆಯಿಂದ ಸ್ಟೇಷನ್ನು, ಇಳಿದ ಮೇಲೆ ಸಿಟಿ ಬಸ್ಸು. ಎಂಟು ಗಂಟೆ ಡ್ಯೂಟಿ, ಓವರ್‌ಟೈಮ್ ಇದ್ರೆ ಇನ್ನೂ ಜಾಸ್ತಿ. ಮಲಗೋದಕ್ಕೆ ಉಳಿಯೋದು ಐದಾರು ಗಂಟೆ. ಮಗು ಏಳೋಕೆ ಮುಂಚೆ ಹೊರಟು, ಮಲಗಿದ ಮೇಲೆ ಬರೋ ಅಪ್ಪ ಅಮ್ಮಂದಿರು ಈ ಊರಲ್ಲಿ ಕೇರಿ ಕೇರಿಗೂ ಇದ್ದಾರೆ. ಮಕ್ಕಳನ್ನು ಸಾಕ್ತಿರೋದು ಅಜ್ಜ ಅಜ್ಜಿ. ಆ ಅಜ್ಜಂದಿರಲ್ಲಿ ಹಲವರು ಗಣಿ ಧೂಳು ಕುಡಿದು ಎದೆ ಹಾಳು ಮಾಡಿಕೊಂಡವರು. ಅವರ ತಲೆಮಾರು ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳೋರು ಯಾರು? ಈ ಪ್ರಶ್ನೆ ಇಲ್ಲಿಯ ಯಾವ ರಾಜಕೀಯ ಭಾಷಣದಲ್ಲೂ ಬರಲ್ಲ.

ರೈಲು ನಿಂತಾಗ ಏನಾಯ್ತು

ಊರು ರೈಲನ್ನು ಎಷ್ಟು ನೆಚ್ಚಿಕೊಂಡಿದೆ ಅನ್ನೋದಕ್ಕೆ 2020 ಸಾಕ್ಷಿ. ಆ ವರ್ಷ ಮಾರ್ಚ್ ಕೊನೇ ವಾರ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ಲಾಕ್‌ಡೌನ್ ಸಡಿಲ ಆಯಿತು, ಬೆಂಗಳೂರಿನ ಕಂಪನಿಗಳು ಬಾಗಿಲು ತೆರೆದು ಕೆಲಸಕ್ಕೆ ಬನ್ನಿ ಅಂದವು, ಆದರೆ ದಿನಗೂಲಿ ಜನ ಹತ್ತೋ ರೈಲುಗಳು ಬೇಗ ವಾಪಸ್ ಬರಲಿಲ್ಲ. ಎಷ್ಟೋ ಜನ ಕೆಲಸ ಕಳ್ಕೊಂಡರು. ಕೆಲವರು ಐದಾರು ಜನ ಸೇರಿ ಬೈಕು, ಗೂಡ್ಸ್ ಗಾಡಿ, ಶೇರ್ ಕಾರು ಅಂತ ಪರದಾಡಿದರು. ಇನ್ನು ಕೆಲವರು ಬೆಂಗಳೂರಲ್ಲೇ ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿ ಉಳಿದರು. ಅವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ.

ರೈಲು ಮತ್ತೆ ಬಂದಾಗ 'ಸ್ಪೆಷಲ್' ಅನ್ನೋ ಹೆಸರಲ್ಲಿ ಬಂತು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟು 30 ಆಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಸಂತೆಗೆ, ಆಸ್ಪತ್ರೆಗೆ ಹೋಗೋ ಮುದುಕಿಗೂ 30 ರೂಪಾಯಿ. ಅದು ಮತ್ತೆ 10ಕ್ಕೆ ಇಳಿದಿದ್ದು 2024ರ ಫೆಬ್ರವರಿ ಕೊನೆಯಲ್ಲಿ, ಲೋಕಸಭೆ ಚುನಾವಣೆ ಹೊಸ್ತಿಲಲ್ಲಿ. ಅಷ್ಟು ವರ್ಷ ತಡ ಆಗಿದ್ದಕ್ಕೆ ಯಾರೂ ಕಾರಣ ಕೊಡಲಿಲ್ಲ, ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ಅಂಗಡಿಯವರಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಯಾಕಂದ್ರೆ ರೈಲು ನಿಂತ್ರೆ ಉದ್ರಿ ಪುಸ್ತಕ ತುಂಬುತ್ತೆ, ಗಲ್ಲಾ ತುಂಬಲ್ಲ.

ಗಲ್ಲಾ ನಡೆಸೋದು ರೈಲಿನ ಗಂಟೆ

ಈ ವಿಚಾರ ವ್ಯಾಪಾರಸ್ಥರು ಗಮನ ಇಟ್ಟು ನೋಡಬೇಕು. ಗಣಿ ಇದ್ದಾಗ ಊರಿನ ಪೇಟೆ ನಡೀತಿದ್ದುದು ಶಿಫ್ಟಿನ ಸೈರನ್ ಮೇಲೆ. ಸಂಬಳ ಊರಲ್ಲೇ ಬರ್ತಿತ್ತು, ಊರಲ್ಲೇ ಖರ್ಚಾಗ್ತಿತ್ತು. ಈಗ ಸಂಬಳ ಬೆಂಗಳೂರಲ್ಲಿ ಬರುತ್ತೆ. ಅದರಲ್ಲಿ ಎಷ್ಟು ಭಾಗ ರೈಲು ಹತ್ತಿ ವಾಪಸ್ ಬರುತ್ತೆ ಅನ್ನೋದರ ಮೇಲೆ ಇಲ್ಲಿಯ ಪೇಟೆ ನಿಂತಿದೆ.

ಬಟ್ಟೆ, ಚಪ್ಪಲಿ, ಮಿಕ್ಸಿ, ಮೊಬೈಲು, ಹಬ್ಬದ ಸಾಮಾನು ಬೆಂಗಳೂರಲ್ಲೇ ಆಗಿಹೋಗುತ್ತೆ. ಶಿವಾಜಿನಗರ, ಚಿಕ್ಕಪೇಟೆ ಡ್ಯೂಟಿ ಮುಗಿಸಿ ರೈಲು ಹಿಡಿಯೋ ದಾರಿಯಲ್ಲೇ ಸಿಗುತ್ತವೆ. ಮಿಕ್ಕಿದ್ದು ಮೊಬೈಲಿನಲ್ಲಿ ಆರ್ಡರ್ ಮಾಡಿದ್ರೆ ಮನೆ ಬಾಗಿಲಿಗೆ ಬರುತ್ತೆ. ಊರಿನ ಅಂಗಡಿಗೆ ಉಳಿಯೋದು ಹಾಲು, ಮೊಟ್ಟೆ, ಅಕ್ಕಿ ಬೇಳೆ, ಮಾತ್ರೆ, ಇಡ್ಲಿ ಹಿಟ್ಟು, ಭಾನುವಾರದ ಕೋಳಿ, ಬೈಕಿನ ಪೆಟ್ರೋಲು, ಮಕ್ಕಳ ಫೀಸು. ಸಂಬಳ ಬಂದ ಮೊದಲ ವಾರ ಗಿರಾಕಿ, ಮೂರನೇ ವಾರದಿಂದ ಉದ್ರಿ.

ಹೀಗಿದ್ದರೂ ಕೆಲವು ಅಂಗಡಿಗಳು ಚೆನ್ನಾಗಿಯೇ ನಡೀತಿವೆ. ಅವುಗಳ ಗುಟ್ಟು ಏನಂತ ನೋಡಿದ್ರೆ ಬಹಳ ಸಲ ಒಂದೇ: ರೈಲಿನ ಗಂಟೆಗೆ ಬಾಗಿಲು ಹೊಂದಿಸಿಕೊಂಡಿದ್ದಾರೆ. ಬೆಳಗಿನ ಜಾವ ಟೀ, ಬನ್ನು, ಹೂವು ಮಾರೋರು, ರಾತ್ರಿ ಕೊನೇ ರೈಲು ಬರೋವರೆಗೂ ತರಕಾರಿ ಗಾಡಿ ನಿಲ್ಲಿಸಿಕೊಳ್ಳೋರು, ಹತ್ತು ಗಂಟೆಗೂ ಬಿಸಿ ಪರೋಟ, ಇಡ್ಲಿ ಕೊಡೋರು. ಬೆಳಗ್ಗೆ ಹತ್ತಕ್ಕೆ ತೆಗೆದು ರಾತ್ರಿ ಎಂಟಕ್ಕೆ ಮುಚ್ಚೋ ಅಂಗಡಿಗೆ ದುಡ್ಡಿರೋ ಗಿರಾಕಿ ಸಿಗೋದು ಭಾನುವಾರ ಮಾತ್ರ. ಪೇಟೆಯಲ್ಲಿ ಈಗಲೂ ಹಲವರು ಭಾನುವಾರ ಅರ್ಧ ದಿನ ಬಾಗಿಲು ಹಾಕ್ತಾರೆ ಅನ್ನೋದು ವಿಚಿತ್ರ.

ಮೆಟ್ರೋ, ಎಕ್ಸ್‌ಪ್ರೆಸ್‌ವೇ, ಉಚಿತ ಬಸ್ಸು: ಯಾರಿಗೆ ಎಷ್ಟು?

ಕಳೆದ ಎರಡು ಮೂರು ವರ್ಷದಲ್ಲಿ ಓಡಾಟಕ್ಕೆ ಹೊಸ ದಾರಿಗಳು ಬಂದಿವೆ. ಒಂದೊಂದೂ ಒಂದೊಂದು ಥರದ ಜನಕ್ಕೆ.

2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ, ಅದೇ ಅಕ್ಟೋಬರ್‌ನಲ್ಲಿ ಮುಂದಕ್ಕೆ ಬೈಯಪ್ಪನಹಳ್ಳಿವರೆಗೆ ಮೆಟ್ರೋ ನೇರಳೆ ಮಾರ್ಗ ಕೂಡಿಕೊಂಡಿತು. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಮೆಟ್ರೋ ಸ್ಟೇಷನ್. ಐಟಿಪಿಎಲ್, ಹೂಡಿ ಕಡೆ ಕೆಲಸ ಮಾಡೋರಿಗೆ ಇದು ವರ. ವೈಟ್‌ಫೀಲ್ಡ್‌ನಲ್ಲಿ ಇಳಿದು ಹತ್ತಿದ್ರೆ ಸಿಟಿ ಬಸ್ಸಿನ ಟ್ರಾಫಿಕ್ ಇಲ್ಲ. ಆದರೆ 2025ರ ಫೆಬ್ರವರಿ 9ರಂದು ಮೆಟ್ರೋ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯಿತು. ದೂರದವರೆಗೆ ದಿನಾ ಮೆಟ್ರೋದಲ್ಲಿ ಹೋಗಿ ಬಂದ್ರೆ ತಿಂಗಳಿಗೆ ಸಾವಿರಾರು ರೂಪಾಯಿ. ಕಂಟೋನ್ಮೆಂಟ್ ಕಡೆ ಹೌಸ್‌ಕೀಪಿಂಗ್‌ಗೆ ಹೋಗೋ ಹೆಂಗಸಿಗೆ ಇದು ಆಗದ ಮಾತು. ಅವಳು ರೈಲಲ್ಲೇ ಕೂತಿರ್ತಾಳೆ, ಲ್ಯಾಪ್‌ಟಾಪ್ ಬ್ಯಾಗಿನವನು ವೈಟ್‌ಫೀಲ್ಡ್‌ನಲ್ಲಿ ಇಳೀತಾನೆ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತ. ಕೆಲವರು ರೈಲು ಬಿಟ್ಟು ಬಸ್ಸಿಗೆ ಹೋದರು. ಆದರೆ ಕೆ.ಆರ್. ಪುರದ ಸೇತುವೆ ಹತ್ತಿರ ಬಸ್ಸು ಸಿಕ್ಕಿಹಾಕಿಕೊಂಡ್ರೆ ಅರ್ಧ ದಿನದ ಸಂಬಳ ಕಟ್. ಡ್ಯೂಟಿಗೆ ಇಷ್ಟೇ ಹೊತ್ತಿಗೆ ಮುಟ್ಟಬೇಕು ಅನ್ನೋರಿಗೆ ಇನ್ನೂ ರೈಲೇ ನಂಬಿಕೆ. ತಪ್ಪಿದ್ರೆ ಬಸ್ಸು ಅನ್ನೋ ಧೈರ್ಯ ಮಾತ್ರ ಹೊಸದು, ಅದು ಸಣ್ಣದೇನಲ್ಲ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲ ಕಡೆಗೆ ಸುಮಾರು 71 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಓಡಾಟಕ್ಕೆ ತೆರೀತು. ತಾಲ್ಲೂಕಿನಲ್ಲಿ ಇದರ ಬಗ್ಗೆ ಬಹಳ ಸಂಭ್ರಮ ಇತ್ತು. ಕಾರು ಇದ್ದವರಿಗೆ ಹೊಸಕೋಟೆ ಈಗ ಪಕ್ಕದ ಊರು. ಆದರೆ ಆ ರಸ್ತೆ ಇರೋದು ವೇಗದ ವಾಹನಗಳಿಗೆ, ಬೈಕು ಆಟೋಗಳಿಗಲ್ಲ. ಮಾರಿಕುಪ್ಪಂನ ಲೈನ್ ಮನೆಗಳಲ್ಲಿ ಕಾರು ಎಷ್ಟಿವೆ ಅಂತ ಬೆರಳಲ್ಲಿ ಎಣಿಸಬಹುದು. ಎಕ್ಸ್‌ಪ್ರೆಸ್‌ವೇಯಿಂದ ಇವರಿಗೆ ತಟ್ಟಿದ್ದು ಒಂದೇ, ಬೇತಮಂಗಲ ಸುತ್ತ ಸೈಟಿನ ರೇಟು ಏರಿದ್ದು.

ನರಸಾಪುರದ ಕೈಗಾರಿಕಾ ಪ್ರದೇಶವೂ ಒಂದು ಬದಲಾವಣೆ ತಂದಿದೆ. ಹೋಂಡಾ ಬೈಕ್ ಕಾರ್ಖಾನೆ, ವಿಸ್ಟ್ರಾನ್‌ನಿಂದ 2023ರಲ್ಲಿ ಟಾಟಾ ಕೈಗೆ ಹೋದ ಐಫೋನ್ ಕಾರ್ಖಾನೆ ಅಲ್ಲಿವೆ. ಜಿಲ್ಲೆಯ ಊರೂರಿಂದ ಕಂಪನಿ ಬಸ್ಸುಗಳು ಹುಡುಗಿಯರನ್ನು ಹತ್ತಿಸಿಕೊಂಡು ಹೋಗ್ತವೆ. ಇದ್ದುದರಲ್ಲಿ ಇದು ಹತ್ತಿರದ ಕೆಲಸ. ಆದರೆ ಅಲ್ಲಿ ಬೇಕಾಗಿರೋದು ಎಳೆ ವಯಸ್ಸಿನವರು. ನಲವತ್ತು ದಾಟಿದವರಿಗೆ ಬೆಂಗಳೂರಿನ ಪೊರಕೆ, ಬೆಂಗಳೂರಿನ ಗೇಟು, ಬೆಳಗಿನ ರೈಲು ಇವೇ ಗತಿ.

ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿದರು. ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ಅದರಲ್ಲಿ ಪಾರಿಜಾತ ಅಂತ ಹೆಸರಿಟ್ಟ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೇ ನಿಲ್ಲುತ್ತೆ. ವೈಟ್‌ಫೀಲ್ಡ್ ಆಚೆಗೆ ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆ, ಕೆಜಿಎಫ್ ಇವೆ ಅನ್ನೋದು ನಕ್ಷೆಯಲ್ಲಿ ಕಾಣಲ್ಲ. ಉಪನಗರ ರೈಲು ಅನ್ನೋ ಹೆಸರಿಲ್ಲದೆ ಇಪ್ಪತ್ತೈದು ವರ್ಷದಿಂದ ಅದನ್ನೇ ನಡೆಸಿಕೊಂಡು ಬಂದಿರೋದು ಈ ಊರುಗಳು.

ಕುಪ್ಪಂ ಲೈನು: ಯಾರೂ ಕೇಳದ ಪ್ರಶ್ನೆ

ಈಗ ಸೀಟಿನ ವಿಚಾರಕ್ಕೆ ಬರೋಣ. ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ರೈಲು ಮಾರ್ಗ ಮಂಜೂರಾಗಿ ಒಂದು ದಶಕಕ್ಕೂ ಮೇಲಾಯ್ತು. ದೂರ ಸುಮಾರು 24 ಕಿ.ಮೀ. ಕಾಮಗಾರಿ ನಿಧಾನಕ್ಕೆ ನಡೀತಾ ಇದೆ. ಅದು ಮುಗಿದ ದಿನ ಮಾರಿಕುಪ್ಪಂ ಕೊನೇ ಸ್ಟೇಷನ್ ಆಗಿರಲ್ಲ. ಬಂಗಾರಪೇಟೆ–ಕಾಮಸಮುದ್ರ–ಕುಪ್ಪಂ ಮುಖ್ಯ ಮಾರ್ಗಕ್ಕೆ ಇದು ಎರಡನೇ ದಾರಿ ಆಗುತ್ತೆ.

ರಾಜಕಾರಣಿಗಳು ಇದನ್ನು ಕೆಜಿಎಫ್‌ನ ಭಾಗ್ಯದ ಬಾಗಿಲು ಅಂತಲೇ ಹೇಳ್ತಾ ಬಂದಿದ್ದಾರೆ. ಲಾಭ ಇರೋದು ನಿಜ. ಕುಪ್ಪಂನ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ ಆಗುತ್ತೆ. ಜೋಲಾರಪೇಟೆ, ಚೆನ್ನೈ ಕಡೆ ನೆಂಟರಿರೋ ಮನೆಗಳು ಇಲ್ಲಿ ಸಾವಿರಾರಿವೆ, ಅವರು ಬಂಗಾರಪೇಟೆಗೆ ಹೋಗಿ ರೈಲು ಬದಲಿಸಬೇಕಿಲ್ಲ. ಆಂಡರ್ಸನ್‌ಪೇಟೆ ವ್ಯಾಪಾರಿಗಳಿಗೆ ಗಡಿಯಾಚೆಯ ಗಿರಾಕಿಯೂ ಬರಬಹುದು.

ಆದರೆ ಬೆಳಗಿನ ರೈಲುಗಳು ಮಾರಿಕುಪ್ಪಂ ಬಿಟ್ಟು ಕುಪ್ಪಂನಿಂದಲೋ ಅದರಾಚೆಯಿಂದಲೋ ಹೊರಡೋ ಹಾಗಾದ್ರೆ? ಆಗ ಇಲ್ಲಿಗೆ ಬರೋ ಹೊತ್ತಿಗೆ ಬೋಗಿ ತುಂಬಿರುತ್ತೆ. ಎರಡೂವರೆ ಗಂಟೆ ನಿಂತು ಹೋಗಿ, ಎಂಟು ಗಂಟೆ ನಿಂತು ದುಡಿದು, ಮತ್ತೆ ಎರಡೂವರೆ ಗಂಟೆ ನಿಂತು ಬರೋದು ಯಾರಿಂದ ಆಗುತ್ತೆ? ಈಗ ಇದರ ಕಷ್ಟ ಗೊತ್ತಿರೋದು ಬಂಗಾರಪೇಟೆ, ಟೇಕಲ್, ಮಾಲೂರಲ್ಲಿ ಹತ್ತೋರಿಗೆ. ಮಾಲೂರಲ್ಲಿ ಬಾಗಿಲ ಬಳಿ ನೇತಾಡಿಕೊಂಡು ಹೋಗೋರನ್ನು ಮಾರಿಕುಪ್ಪಂನವರು ದಿನಾ ಕೂತು ನೋಡ್ತಾರೆ. ನಾಳೆ ಆ ಜಾಗದಲ್ಲಿ ತಾವಿರಬಹುದು ಅನ್ನೋದು ಇನ್ನೂ ಅನೇಕರಿಗೆ ಹೊಳೆದಿಲ್ಲ.

ಇನ್ನೊಂದು ತೊಂದರೆ ಸಮಯದ್ದು. ಬಂಗಾರಪೇಟೆವರೆಗಿನ ಕವಲು ಒಂಟಿ ಹಳಿ. ಈಗ ಅದರ ಮೇಲೆ ಇಲ್ಲಿಯ ಜನರ ರೈಲು ಬಿಟ್ಟು ಹೆಚ್ಚಿಗೆ ಏನೂ ಓಡಲ್ಲ. ಗೂಡ್ಸು, ದೂರದ ಎಕ್ಸ್‌ಪ್ರೆಸ್ಸು ಈ ದಾರಿಗೆ ತಿರುಗಿದ್ರೆ ದಾರಿ ಬಿಟ್ಟುಕೊಟ್ಟು ನಿಲ್ಲಬೇಕಾಗೋದು ಯಾವಾಗಲೂ ಮೆಮು ಪ್ಯಾಸೆಂಜರೇ. ವೈಟ್‌ಫೀಲ್ಡ್ ಈಚೆಗೆ ಈಗಲೇ ನಡೀತಿರೋದು ಅದೇ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡೋ ಕೆಲಸ ಮುಗಿದ್ರೆ ಅಲ್ಲಿಯ ಕಾಯುವಿಕೆ ತಗ್ಗಬಹುದು, ಆದರೆ ಈ ಕಡೆ ಹೊಸದಾಗಿ ಹುಟ್ಟೋ ಕಾಯುವಿಕೆಗೆ ಅದು ಉತ್ತರ ಅಲ್ಲ.

ಹೊಸ ಲೈನು ಬೇಡ ಅಂತ ಯಾರೂ ಹೇಳ್ತಿಲ್ಲ, ಹೇಳಲೂಬಾರದು. ಕೇಳಬೇಕಾಗಿರೋದು ಸಣ್ಣ ವಿಷಯ. ಲೈನು ಮುಗಿದ ಮೇಲೂ ಬೆಳಗಿನ ಬೆಂಗಳೂರು ರೈಲುಗಳು ಮಾರಿಕುಪ್ಪಂನಿಂದಲೇ ಖಾಲಿ ಹೊರಡಬೇಕು, ಸಂಜೆಯವು ಇಲ್ಲಿಗೇ ಬಂದು ನಿಲ್ಲಬೇಕು. ಕುಪ್ಪಂ ಕಡೆಗೆ ಬೇರೆ ರೈಲು ಕೊಡಲಿ. ಇದನ್ನು ವೇಳಾಪಟ್ಟಿ ಆದ ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ಸ್ಟೇಷನ್ ಯಾರ್ಡ್ ಕಟ್ಟುವಾಗಲೇ ರೈಲು ರಾತ್ರಿ ನಿಲ್ಲಿಸೋ ಹಳಿ ಉಳಿಸಿಕೊಳ್ಳಬೇಕು. ಹಳಿ ಇಲ್ಲದಿದ್ರೆ ಆಮೇಲೆ ಯಾವ ಮನವಿಪತ್ರ ಕೊಟ್ಟರೂ 'ಜಾಗ ಇಲ್ಲ' ಅನ್ನೋ ಒಂದೇ ಉತ್ತರ.

ಗುಡ್ಡದ ಚಿನ್ನ ಮತ್ತು ಮನೆಯ ಕಾಗದ

ಇಷ್ಟೆಲ್ಲ ಹೇಳಿದ ಮೇಲೂ ಊರಲ್ಲಿ ಹೆಚ್ಚು ಚರ್ಚೆ ಆಗೋದು ಚಿನ್ನದ ಬಗ್ಗೆಯೇ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸೈನೈಡ್ ಗುಡ್ಡಗಳಿಂದ ಉಳಿದ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. 13 ಗುಡ್ಡ, ಸಾವಿರ ಎಕರೆಯ ಆಸುಪಾಸು. ಸುದ್ದಿ ಬಂದ ದಿನ 'ಗಣಿ ಮತ್ತೆ ಶುರು' ಅಂತ ವಾಟ್ಸ್‌ಆ್ಯಪ್ ತುಂಬಾ ಓಡಾಡ್ತು. ಗಣಿ ಬೇರೆ, ಗುಡ್ಡ ಬೇರೆ. ಗುಡ್ಡದ ಕೆಲಸ ಯಂತ್ರದ್ದು. ಜೆಸಿಬಿ, ಟಿಪ್ಪರು, ರಾಸಾಯನಿಕ ಘಟಕ. ಅದರಲ್ಲಿ ಸಾವಿರಾರು ಜನಕ್ಕೆ ಕೆಲಸ ಸಿಗುತ್ತೆ ಅಂತ ಕಾಯೋದು ಕಷ್ಟ. ಕೆದಕಿದಾಗ ಏಳೋ ಧೂಳು ಮಾತ್ರ ಎಲ್ಲರ ಪಾಲಿಗೂ ಬರುತ್ತೆ. ಗಾಳಿ ಕಾಲದಲ್ಲಿ ಮುಟ್ಟದೇ ಬಿಟ್ಟ ಗುಡ್ಡದ ಧೂಳನ್ನೇ ಅಡುಗೆ ಪಾತ್ರೆಯಿಂದ ಒರೆಸಿ ಸಾಕಾಗಿರುತ್ತೆ. ಕೆಜಿಎಫ್ ಸಿನಿಮಾ ಬಂದಾಗಲೂ ಇದೇ ಆಗಿತ್ತು. ಇಡೀ ದೇಶಕ್ಕೆ ಊರಿನ ಹೆಸರು ಗೊತ್ತಾಯ್ತು, ಬೆಳಗಿನ ರೈಲಿಗೆ ಒಂದು ಬೋಗಿ ಹೆಚ್ಚಾಗಲಿಲ್ಲ.

ಹೀಗಾದ್ರೆ ಜನ ಬೆಂಗಳೂರಿಗೇ ಹೋಗಿ ನೆಲೆಸಬಹುದಲ್ಲ ಅಂತ ಹೊರಗಿನವರು ಕೇಳ್ತಾರೆ. ಲೈನ್ ಮನೆ ಚಿಕ್ಕದೇ, ಎಷ್ಟೋ ಕಡೆ ಈಗಲೂ ಸಾಮೂಹಿಕ ಶೌಚಾಲಯ. ಆದರೆ ಅದು ಅಜ್ಜನ ಕಾಲದಿಂದ ಬಂದ ಸೂರು. ಅದರ ಹಕ್ಕುಪತ್ರಕ್ಕಾಗಿ ಗಣಿ ಮುಚ್ಚಿದಂದಿನಿಂದ ಹೋರಾಟ ನಡೀತಾ ಇದೆ. ಬೀಗ ಹಾಕಿ ಹೋದ್ರೆ ನಾಳೆ ಕಾಗದ ಕೊಡೋ ಹೊತ್ತಿಗೆ ತಮ್ಮ ಹೆಸರು ಇರಲ್ಲ ಅನ್ನೋ ಭಯ. ಮನೆಯಲ್ಲಿ ಯಾರಾದ್ರೂ ಇರಲೇಬೇಕು, ರಾತ್ರಿ ದೀಪ ಹತ್ತಲೇಬೇಕು. ಬೆಂಗಳೂರಲ್ಲಿ ಬಾಡಿಗೆ ಕೊಡೋ ದುಡ್ಡಿಲ್ಲ, ಇಲ್ಲಿಯ ಮನೆ ಮಾರೋಕೆ ಕಾಗದ ಇಲ್ಲ. ನಡುವೆ ಇರೋದು ರೈಲು.

ಮತ್ತೆ ಬರೀ ಭಯ ಅಷ್ಟೇ ಅನ್ನೋಕೂ ಆಗಲ್ಲ. ಚರ್ಚಿನ ಹಬ್ಬಕ್ಕೆ, ಮಾರಿಯಮ್ಮನ ಜಾತ್ರೆಗೆ, ಅಂಬೇಡ್ಕರ್ ಜಯಂತಿಗೆ ಬೆಂಗಳೂರಿಗೆ ಹೋಗಿ ನೆಲೆಸಿದವರೂ ವಾಪಸ್ ಬರ್ತಾರೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ 'ಏಯ್ ಸೆಕ್ಯೂರಿಟಿ' ಅಂತ ಕರೆಸಿಕೊಂಡು ಬಂದವನು ಚಾಂಪಿಯನ್ ಸ್ಟೇಷನ್ ಇಳಿದ ಕೂಡಲೇ 'ಅಣ್ಣಾ' ಆಗ್ತಾನೆ. ಫುಟ್‌ಬಾಲ್ ಆಡಿದ್ದು, ಯೂನಿಯನ್ ಬಾವುಟ ಹಿಡಿದಿದ್ದು ನೆನಪಿಟ್ಟುಕೊಂಡಿರೋ ಜನ ಇನ್ನೂ ಬೀದಿಯಲ್ಲಿದ್ದಾರೆ.

ಬಂಗಾರಪೇಟೆಯಿಂದ ಬೇರೆಯಾಗಿ ಕೆಜಿಎಫ್ ಈಗ ಸ್ವಂತ ತಾಲ್ಲೂಕು. ತಾಲ್ಲೂಕು ಕಚೇರಿ ಇದೆ, ಬೆಮಲ್ ಬಳಸದೆ ಉಳಿದ ಒಂಬೈನೂರಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಟೌನ್‌ಶಿಪ್ ಮಾಡ್ತೀವಿ ಅನ್ನೋ ಮಾತೂ ಇದೆ. ಆ ಕಾರ್ಖಾನೆಗಳು ಬಂದ್ರೆ ಒಳ್ಳೇದೇ. ಬರೋವರೆಗೆ ಈ ತಾಲ್ಲೂಕಿನ ಅತಿ ದೊಡ್ಡ ಕಾರ್ಖಾನೆ ಬೆಳಗಿನ ರೈಲು. ಅದಕ್ಕೆ ಎಷ್ಟು ಬೋಗಿ, ಎಷ್ಟು ಹೊತ್ತಿಗೆ, ಎಲ್ಲಿಂದ ಅಂತ ತೀರ್ಮಾನ ಮಾಡೋರು ಬೆಂಗಳೂರು ವಿಭಾಗದ ಕಚೇರಿಯಲ್ಲಿ, ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕೇಂದ್ರ ಕಚೇರಿಯಲ್ಲಿ ಕೂತಿದ್ದಾರೆ. ವರ್ತಕರ ಸಂಘ, ನಗರಸಭೆ, ಪಾಸುದಾರರು ಸೇರಿ ಒಂದೇ ಕಾಗದದಲ್ಲಿ ಸಹಿ ಹಾಕಿ ಮಾರಿಕುಪ್ಪಂ ಯಾರ್ಡಿನ ನಕ್ಷೆ ಕೇಳೋದಕ್ಕೆ ಈಗ ಸಮಯ ಇದೆ. ಹಳಿ ಕೂಡಿದ ಮೇಲೆ ಇರಲ್ಲ.

ರಾತ್ರಿ ರೈಲು ಬಂತು ಅಂದ್ರೆ ಹತ್ತು ನಿಮಿಷ ಚಾಂಪಿಯನ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ತರಕಾರಿ ಗಾಡಿಯ ಮುಂದೆ ನಾಲ್ಕು ಜನ, ಮೆಡಿಕಲ್ ಸ್ಟೋರಿನ ಮುಂದೆ ಆರು ಜನ, ಹಾಲಿನ ಪ್ಯಾಕೆಟ್ಟು ಹಿಡಿದು ಓಡೋ ಹೆಂಗಸರು. ಆಮೇಲೆ ಬೀದಿ ಖಾಲಿ. ಲೈನ್ ಮನೆಗಳಲ್ಲಿ ಅಲಾರಾಂ ಇಟ್ಟು ಮಲಗ್ತಾರೆ.